ತಾಯ್ನಾಡಿಗೆ ಹೋಗಿಬರುವ ಕಾಯಂ ನಿವಾಸಿಗಳ ಪ್ರಯಾಣ ದಾಖಲೆಗಳು

ಒಂದು ದೇಶದ ಪ್ರಜೆಯಾಗಿದ್ದುಕೊಂಡೇ ಮತ್ತೊಂದು ದೇಶದಲ್ಲಿ ಗಡುವಿಲ್ಲದೆ ನೆಲೆಸಲು ಅನುಮತಿ ಪಡೆದವರನ್ನು ಕಾಯಂ ನಿವಾಸಿಗಳೆನ್ನುತ್ತಾರೆ. ಇವರು ಊರಿಗೆ ಹೋಗಿಬರಲು ಎರಡು ಸರ್ಕಾರಗಳ ಕಾಗದ ಬೇಕು. ತಾಯ್ನಾಡು ಕೊಟ್ಟ ಪಾಸ್‌ಪೋರ್ಟ್ ಹೋಗುವುದಕ್ಕೆ, ನೆಲೆಸಿದ ನಾಡು ಕೊಟ್ಟ ನಿವಾಸಪತ್ರ ಮರಳುವುದಕ್ಕೆ. ತೊಡಕೆಲ್ಲ ಇರುವುದು ಮರಳುವಾಗಲೇ. ತನ್ನ ಪ್ರಜೆಯನ್ನು ಯಾವ ದೇಶವೂ ಬಾಗಿಲಲ್ಲಿ ನಿಲ್ಲಿಸಿ ವಾಪಸು ಕಳಿಸುವಂತಿಲ್ಲ. ಆದರೆ ಕಾಯಂ ನಿವಾಸಿ ಹೊರಗೆ ಹೋದಾಗಲೆಲ್ಲ, ಆತ ಇನ್ನೂ ಇಲ್ಲಿಯವನೇ ಎಂದು ಕೇಳುವ ಅಧಿಕಾರವನ್ನು ನೆಲೆಸಿದ ನಾಡು ಉಳಿಸಿಕೊಂಡಿರುತ್ತದೆ. ಈ ಲೇಖನ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಾಯಂ ನಿವಾಸಿಗಳಾಗಿರುವ ಭಾರತೀಯರನ್ನು ಕುರಿತದ್ದು. ಬೇರೆ ದೇಶಗಳ ಪದ್ಧತಿಯನ್ನು ಕೊನೆಯಲ್ಲಿ ಸ್ಥೂಲವಾಗಿ ಹೇಳಿದೆ.

ಹಿನ್ನೆಲೆ

ಊರಿಗೆ ಹೋದವನು ಮರಳಿ ಬರಲು ಕಾಗದ ತೋರಿಸಬೇಕೆಂಬ ಕಟ್ಟಳೆಯನ್ನು ಅಮೆರಿಕದಲ್ಲಿ ಮೊದಲು ಉಂಡವರು ಚೀನೀ ಕೂಲಿಕಾರರು. 1882ರ ಕಾಯ್ದೆ ಹೊಸದಾಗಿ ಬರುವ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಆಗಲೇ ಅಲ್ಲಿ ನೆಲೆಸಿದ್ದವರು ಮಾತ್ರ ಬಂದರಿನ ಸುಂಕದ ಅಧಿಕಾರಿಯಿಂದ ಪ್ರಮಾಣಪತ್ರ ಪಡೆದು ಊರಿಗೆ ಹೋಗಿಬರಬಹುದಿತ್ತು. 1888ರ ಅಕ್ಟೋಬರ್ 1ರಂದು ಜಾರಿಗೆ ಬಂದ ಸ್ಕಾಟ್ ಕಾಯ್ದೆ ಆ ಪ್ರಮಾಣಪತ್ರಗಳನ್ನೆಲ್ಲ ಒಂದೇ ಏಟಿಗೆ ರದ್ದುಮಾಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹನ್ನೆರಡು ವರ್ಷ ದುಡಿದು, 1887ರಲ್ಲಿ ಪ್ರಮಾಣಪತ್ರದೊಂದಿಗೇ ಊರಿಗೆ ಹೋಗಿದ್ದ ಛಾಯ್ ಚಾನ್ ಪಿಂಗ್ ಎಂಬಾತನ ಹಡಗು ಮರಳಿ ಬಂದರು ಮುಟ್ಟಿದ್ದು ಈ ಕಾಯ್ದೆ ಜಾರಿಯಾದ ವಾರಕ್ಕೆ. ಅವನನ್ನು ಇಳಿಯಗೊಡಲಿಲ್ಲ. ಪರದೇಶಿಯರನ್ನು ಹೊರಗಿಡುವ ಅಧಿಕಾರ ಸಾರ್ವಭೌಮ ರಾಷ್ಟ್ರಕ್ಕೆ ಇದ್ದೇ ಇದೆ, ಕೊಟ್ಟ ಅನುಮತಿಯನ್ನು ಅದು ಹಿಂದಕ್ಕೂ ಪಡೆಯಬಹುದು ಎಂದು 1889ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಮೆರಿಕದ ವಲಸೆ ಕಾನೂನಿನ ತಳಪಾಯದಲ್ಲಿ ಈ ತೀರ್ಪು ಇಂದಿಗೂ ಇದೆ.

ಭಾರತೀಯರ ಪಾಡೂ ಅದಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲ. 1917ರ ಕಾಯ್ದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಕೋರ್ಟು ಹೇಳಿತು. ಮರುವರ್ಷದ ವಲಸೆ ಕಾಯ್ದೆ ಪುನಃಪ್ರವೇಶದ ಪರವಾನಗಿಯನ್ನು, ಅಂದರೆ ಇಂದಿನ ರೀ-ಎಂಟ್ರಿ ಪರ್ಮಿಟ್ಟಿನ ಮೂಲರೂಪವನ್ನು, ಕಾನೂನಿಗೆ ಸೇರಿಸಿತು. 1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತಕ್ಕೆ ವರ್ಷಕ್ಕೆ 100 ಜನರ ಪಾಲು ಕೊಟ್ಟು ಪೌರತ್ವದ ದಾರಿ ತೆರೆಯಿತು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಹೋದದ್ದು ರಾಷ್ಟ್ರವಾರು ಹಳೆಯ ಪಾಲನ್ನು ಕಿತ್ತುಹಾಕಿದ 1965ರ ಕಾಯ್ದೆಯ ನಂತರ.

ಗ್ರೀನ್ ಕಾರ್ಡ್

ಕಾಯಂ ನಿವಾಸದ ಸಾಕ್ಷಿಪತ್ರಕ್ಕೆ ಕಚೇರಿಯ ಹೆಸರು ಐ-551. ಇದರ ಬೇರು 1940ರ ಪರದೇಶಿಯರ ನೋಂದಣಿ ಕಾಯ್ದೆಯಲ್ಲಿದೆ. ಯುದ್ಧದ ನಂತರ ಬಂದ ಐ-151 ಎಂಬ ಕಾರ್ಡು ಹಸಿರಾಗಿದ್ದುದರಿಂದ ಜನ ಅದನ್ನು ಗ್ರೀನ್ ಕಾರ್ಡ್ ಎಂದರು. ಮುಂದೆ ಬಣ್ಣ ಎಷ್ಟೋ ಸಲ ಬದಲಾದರೂ ಹೆಸರು ಬದಲಾಗಲಿಲ್ಲ. 2010ರಲ್ಲಿ ಕಾರ್ಡಿಗೆ ಮತ್ತೆ ಹಸಿರು ಬಣ್ಣ ಬಂತು.

ಸಾಮಾನ್ಯವಾಗಿ ಕಾರ್ಡಿನ ಅವಧಿ 10 ವರ್ಷ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನ ಅಥವಾ ಹೆಂಡತಿಯ ಮೂಲಕ ನಿವಾಸ ಪಡೆದವರಿಗೆ 2 ವರ್ಷದ ಷರತ್ತಿನ ಕಾರ್ಡ್ ಸಿಗುತ್ತದೆ. ಕಾರ್ಡಿನ ಅವಧಿ ಮುಗಿದರೆ ನಿವಾಸದ ಹಕ್ಕೇ ಮುಗಿಯಿತೆಂದು ಗಾಬರಿಯಾಗುವವರುಂಟು. 10 ವರ್ಷದ ಕಾರ್ಡಿನ ಮಟ್ಟಿಗೆ ಅದು ನಿಜವಲ್ಲ; ಮುಗಿಯುವುದು ಪತ್ರದ ಅವಧಿ, ಹಕ್ಕಿನದಲ್ಲ. ನವೀಕರಣಕ್ಕೆ ಐ-90 ಅರ್ಜಿ ಹಾಕಿದವರಿಗೆ ಬರುವ ರಸೀದಿ ಪತ್ರ ಹಳೆಯ ಕಾರ್ಡಿನ ಅವಧಿಯನ್ನು ವಿಸ್ತರಿಸುತ್ತದೆ. 2024ರ ಸೆಪ್ಟೆಂಬರಿನಿಂದ ಈ ವಿಸ್ತರಣೆ 36 ತಿಂಗಳು. ಷರತ್ತು ತೆಗೆಸಲು ಐ-751 ಅರ್ಜಿ ಹಾಕಿದವರಿಗೆ 48 ತಿಂಗಳು. ಪ್ರಯಾಣದಲ್ಲಿ ಹಳೆಯ ಕಾರ್ಡನ್ನೂ ರಸೀದಿಯ ಮೂಲಪ್ರತಿಯನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಮೊಬೈಲಿನಲ್ಲಿ ತೆಗೆದ ಫೋಟೊ ಚೆಕ್-ಇನ್ ಕೌಂಟರಿನಲ್ಲಿ ನಡೆಯುತ್ತದೆಂದು ನಂಬಿ ಹೊರಡುವುದು ಜಾಣತನವಲ್ಲ.

ಕಾರ್ಡ್ ಕೈಸೇರುವ ಮೊದಲೇ ಹೊರಡಬೇಕಾದವರ ಪಾಸ್‌ಪೋರ್ಟಿನಲ್ಲಿ ವಲಸೆ ಕಚೇರಿ ಐ-551 ಮುದ್ರೆ ಒತ್ತಿಕೊಡುತ್ತದೆ. ವಲಸೆ ವೀಸಾದ ಮೇಲೆ ಮೊದಲ ಸಲ ಅಮೆರಿಕಕ್ಕೆ ಬಂದವರ ಪಾಸ್‌ಪೋರ್ಟಿನಲ್ಲಿರುವ ಆ ವೀಸಾವೇ, ಪ್ರವೇಶದ ಮುದ್ರೆ ಬಿದ್ದ ದಿನದಿಂದ ಒಂದು ವರ್ಷ ಕಾರ್ಡಿನ ಕೆಲಸ ಮಾಡುತ್ತದೆ. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಬಾಕಿ ಇರುವವರು ಪಡೆಯುವ ಅಡ್ವಾನ್ಸ್ ಪರೋಲ್ ಪತ್ರ ಇದಕ್ಕೆ ಸಂಬಂಧಿಸಿದ್ದಲ್ಲ. ಅದಕ್ಕೂ ಕಾಯಂ ನಿವಾಸಿಗಳ ರೀ-ಎಂಟ್ರಿ ಪರ್ಮಿಟ್ಟಿಗೂ ಅರ್ಜಿಯ ನಮೂನೆ ಐ-131 ಒಂದೇ ಆದ್ದರಿಂದ ಗೊಂದಲವಾಗುತ್ತದೆ.

ಎಷ್ಟು ಕಾಲ ಹೊರಗಿರಬಹುದು

ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಪೌರತ್ವ ಪಡೆದು ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿಕೊಟ್ಟ ಮನೆಗಳಲ್ಲಿ ‘ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ’ ಎಂಬ ಲೆಕ್ಕ ರೂಢಿಯಲ್ಲಿದೆ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಮನೆ, ತೋಟ, ಪಿಂಚಣಿ ಎಲ್ಲ ಹಾಗೇ ಇರುತ್ತವೆ. ಚಳಿಗಾಲ ಶುರುವಾದೊಡನೆ ಹಿರಿಯರು ಊರಿಗೆ ಹೊರಡುತ್ತಾರೆ. ಆರು ತಿಂಗಳೊಳಗೆ ಮರಳಿದರೆ ಯಾರೂ ಏನೂ ಕೇಳುವಂತಿಲ್ಲ ಎಂಬುದು ಅವರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ.

ಕಾನೂನಿನಲ್ಲಿರುವುದು ಬೇರೆ ಬೇರೆ ಉದ್ದೇಶದ ಎರಡು ಗಡುವುಗಳು. ಸತತ 180 ದಿನಕ್ಕಿಂತ ಹೆಚ್ಚು ಹೊರಗಿದ್ದವರನ್ನು ಹೊಸದಾಗಿ ಪ್ರವೇಶ ಕೇಳುತ್ತಿರುವವರೆಂದು ಎಣಿಸಬಹುದು. ಇದು 1996ರ ತಿದ್ದುಪಡಿಯಿಂದ ಬಂದ ನಿಯಮ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಬರೀ ಕಾರ್ಡ್ ಮರಳುವ ದಾಖಲೆಯಾಗಿ ನಡೆಯುವುದಿಲ್ಲ. ಈ ಎರಡಕ್ಕೂ ಮೇಲಿನದು ಮತ್ತೊಂದು ಪ್ರಶ್ನೆ: ಈತನ ಮನೆ ಎಲ್ಲಿದೆ? ಅದಕ್ಕೆ ದಿನಗಳ ಎಣಿಕೆಯೊಂದೇ ಉತ್ತರವಲ್ಲ. ಅಮೆರಿಕದಲ್ಲಿ ವಾಸದ ಮನೆ ಇದೆಯೇ, ಕೆಲಸವೆಲ್ಲಿ, ಹೆಂಡತಿ ಮಕ್ಕಳೆಲ್ಲಿ, ಆದಾಯ ತೆರಿಗೆಯ ವಿವರವನ್ನು ನಿವಾಸಿಯೆಂದು ಸಲ್ಲಿಸಲಾಗಿದೆಯೇ, ಹೊರಗೆ ಹೋದದ್ದು ಮುಗಿಯುವ ಕೆಲಸವೊಂದಕ್ಕೋ ಅಲ್ಲವೋ ಎಂದೆಲ್ಲ ನೋಡುತ್ತಾರೆ. ತೆರಿಗೆ ಉಳಿಸಲೆಂದು ತಾನು ಅನಿವಾಸಿ ಎಂದು ಬರೆದುಕೊಟ್ಟವನ ಕೈಬರಹವೇ ಅವನಿಗೆ ಎದುರು ಸಾಕ್ಷಿಯಾಗುತ್ತದೆ.

1975ರಲ್ಲಿ ವಲಸೆ ಮೇಲ್ಮನವಿ ಮಂಡಳಿ ತೀರ್ಮಾನಿಸಿದ ಕೇನ್ ಪ್ರಕರಣವನ್ನು ಈ ವಿಷಯದಲ್ಲಿ ಈಗಲೂ ಉದಾಹರಿಸುತ್ತಾರೆ. ಜಮೈಕಾದ ಆ ಹೆಂಗಸು ವರ್ಷದಲ್ಲಿ ಹನ್ನೊಂದು ತಿಂಗಳು ತನ್ನೂರಿನಲ್ಲಿ ವಸತಿಗೃಹ ನಡೆಸುತ್ತ, ಒಂದು ತಿಂಗಳು ಅಮೆರಿಕಕ್ಕೆ ಬಂದು ಹೋಗುತ್ತಿದ್ದರು. ಒಂದು ವರ್ಷದ ಗಡುವನ್ನು ಅವರು ಮೀರಿರಲಿಲ್ಲ; ಆದರೂ ನಿವಾಸವನ್ನು ಬಿಟ್ಟುಕೊಟ್ಟಿದ್ದಾರೆಂದೇ ಮಂಡಳಿ ಹೇಳಿತು. ವರ್ಷಕ್ಕೊಮ್ಮೆ ನೆಲ ಮುಟ್ಟಿ ಬಂದರೆ ಕಾರ್ಡ್ ಉಳಿಯುತ್ತದೆ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಚಿಕ್ಕ ಪ್ರವಾಸವೂ ಯಾವಾಗಲೂ ಹಗುರವಲ್ಲ. ಸ್ವಿಟ್ಜರ್ಲೆಂಡಿನ ಜಾರ್ಜ್ ಫ್ಲೂಟಿ 1956ರಲ್ಲಿ ಕೆಲವೇ ಗಂಟೆ ಮೆಕ್ಸಿಕೊಗೆ ಹೋಗಿಬಂದದ್ದಕ್ಕೆ ಹೊಸ ಪ್ರವೇಶದ ತಕರಾರು ಎದುರಿಸಬೇಕಾಯಿತು. ಅಂಥ ನಿರುಪದ್ರವಿ ಸಣ್ಣ ಪ್ರವಾಸಗಳನ್ನು ಹಾಗೆ ನೋಡಬಾರದೆಂದು 1963ರಲ್ಲಿ ಸುಪ್ರೀಂ ಕೋರ್ಟ್ ಆತನ ಪರ ನಿಂತಿತು. 1996ರ ಕಾನೂನು ಆ ರಿಯಾಯಿತಿಯನ್ನು, ಹಳೆಯ ಅಪರಾಧದ ದಾಖಲೆ ಇರುವವರ ಮಟ್ಟಿಗೆ, ಕಿತ್ತುಕೊಂಡಿತು. ಗ್ರೀಸ್ ಮೂಲದ ಪನಾಗಿಸ್ ವಾರ್ಟೆಲಾಸ್ 2003ರಲ್ಲಿ ತಂದೆತಾಯಿಯನ್ನು ನೋಡಲು ಊರಿಗೆ ಹೋಗಿ ಒಂದು ವಾರದಲ್ಲಿ ಮರಳಿದಾಗ, 1994ರಲ್ಲಿ ಒಪ್ಪಿಕೊಂಡಿದ್ದ ಅಪರಾಧವೊಂದನ್ನು ಮುಂದಿಟ್ಟು ವಿಮಾನ ನಿಲ್ದಾಣದಲ್ಲೇ ತಡೆದರು. ಅಪರಾಧ ನಡೆದ ನಂತರ ಬಂದ ಕಾನೂನನ್ನು ಹಿಂದಿನ ಪ್ರಕರಣಕ್ಕೆ ಹಚ್ಚಬಾರದೆಂದು ಕೋರ್ಟು ಹೇಳುವಷ್ಟರಲ್ಲಿ 2012 ಬಂದಿತ್ತು. 1996ರ ನಂತರದ ಅಪರಾಧಗಳಿಗೆ ಈ ತೀರ್ಪಿನ ಆಸರೆ ಇಲ್ಲ. ಯಾವುದೋ ಹಳೆಯ ಪೊಲೀಸ್ ಪ್ರಕರಣ ಇರುವವರು ಟಿಕೆಟ್ ಕೊಳ್ಳುವ ಮೊದಲು ವಕೀಲರನ್ನು ಕಾಣಬೇಕೆಂಬ ಸಲಹೆ ಇಲ್ಲಿಂದ ಬಂದದ್ದು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಐ-407 ಎಂಬ ನಮೂನೆಗೆ ರುಜು ಹಾಕಲು ಹೇಳುವ ಸಂದರ್ಭವೂ ಬರಬಹುದು. ಅದು ನಿವಾಸವನ್ನು ತಾನಾಗಿ ಬಿಟ್ಟುಕೊಡುವ ಪತ್ರ. ರುಜು ಹಾಕಲೇಬೇಕೆಂದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. ಇಪ್ಪತ್ತು ತಾಸು ಕೂತು ಬಂದ ಇಂಗ್ಲಿಷ್ ಬಾರದ ಹಿರಿಯರಿಗೆ ಈ ಒಂದು ವಿಷಯವನ್ನು ಮಕ್ಕಳು ಮೊದಲೇ ಹೇಳಿಕೊಟ್ಟಿರುವುದು ಒಳ್ಳೆಯದು.

ಪೌರತ್ವದ ಲೆಕ್ಕ ಇದರಿಂದ ಬೇರೆ. ಅರ್ಜಿಗೆ ಐದು ವರ್ಷದ (ಪ್ರಜೆಯನ್ನು ಮದುವೆಯಾದವರಿಗೆ ಮೂರು ವರ್ಷದ) ಅಖಂಡ ವಾಸ ಬೇಕು. ಆರು ತಿಂಗಳಿಗೂ ಹೆಚ್ಚಿನ ಒಂದೇ ಪ್ರವಾಸ ಅದನ್ನು ಮುರಿದಂತೆ ಭಾವಿಸಲಾಗುತ್ತದೆ. ಒಂದು ವರ್ಷದ್ದಾದರೆ ಮುರಿದೇಹೋಗುತ್ತದೆ.

ರೀ-ಎಂಟ್ರಿ ಪರ್ಮಿಟ್

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿರಬೇಕೆಂದು ಮೊದಲೇ ಗೊತ್ತಿರುವವರಿಗೆ ಇದು ದಾರಿ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳುವುದು, ಆಸ್ತಿ ಪಾಲು, ಕಂಪನಿ ಕೆಲಸದ ಮೇಲೆ ಬೆಂಗಳೂರಿಗೆ ಬರುವುದು ಇವೆಲ್ಲ ಸಾಮಾನ್ಯ ಕಾರಣಗಳು. ನೋಡಲು ಪಾಸ್‌ಪೋರ್ಟಿನಂತಿರುವ ಈ ಪುಸ್ತಕದ ಅವಧಿ ಎರಡು ವರ್ಷ. ಹಿಂದಿನ ಐದು ವರ್ಷಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ವರ್ಷ ಹೊರಗೇ ಇದ್ದವರಿಗೆ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಡುತ್ತಾರೆ. ಅವಧಿ ವಿಸ್ತರಣೆಯಿಲ್ಲ, ಮತ್ತೆ ಬೇಕಾದರೆ ಅಮೆರಿಕಕ್ಕೆ ಬಂದು ಹೊಸದಾಗಿ ಅರ್ಜಿ ಹಾಕಬೇಕು.

ಅರ್ಜಿ ಹಾಕುವಾಗ ಅಮೆರಿಕದೊಳಗೇ ಇರಬೇಕು ಎಂಬುದು ಇದರ ಕಟ್ಟುನಿಟ್ಟು. ಬೆರಳಚ್ಚು ಕೊಡುವವರೆಗೆ ಕಾದು ಹೊರಡಬಹುದು, ಪುಸ್ತಕವನ್ನು ಹೊರದೇಶದ ಅಮೆರಿಕನ್ ಕಾನ್ಸುಲೇಟಿಗೆ ತರಿಸಿಕೊಳ್ಳಬಹುದು. ಊರಿಗೆ ಬಂದಮೇಲೆ ನೆನಪಾದರೆ ಪ್ರಯೋಜನವಿಲ್ಲ. ಪರ್ಮಿಟ್ ಇದ್ದವರಿಗೆ ಹೊರಗಿದ್ದ ಕಾಲದ ಉದ್ದವೊಂದನ್ನೇ ಹಿಡಿದು ನಿವಾಸ ಬಿಟ್ಟರೆಂದು ಹೇಳುವಂತಿಲ್ಲ. ಅಷ್ಟು ರಕ್ಷಣೆ ಅದರದು, ಅದಕ್ಕಿಂತ ಹೆಚ್ಚಿಲ್ಲ. ಪೌರತ್ವಕ್ಕೆ ಬೇಕಾದ ಅಖಂಡ ವಾಸವನ್ನೂ ಅದು ಉಳಿಸಿಕೊಡುವುದಿಲ್ಲ.

ಪರ್ಮಿಟ್ ಇಲ್ಲದೆ ವರ್ಷ ದಾಟಿದವರು ಡಿಎಸ್-117 ನಮೂನೆಯಲ್ಲಿ ಎಸ್‌ಬಿ-1 ಎಂಬ ಮರಳುವ ನಿವಾಸಿಯ ವೀಸಾ ಕೇಳಬೇಕು. ತಡವಾದದ್ದು ತಮ್ಮ ಕೈಮೀರಿದ ಕಾರಣದಿಂದ ಎಂದು ಸಾಬೀತುಮಾಡುವ ಹೊಣೆ ಅರ್ಜಿದಾರರದೇ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದಾಗ ಊರಿನಲ್ಲಿ ಸಿಕ್ಕಿಬಿದ್ದ ಅನೇಕರಿಗೆ ಈ ವೀಸಾದ ಹೆಸರು ಮೊದಲ ಬಾರಿಗೆ ಕಿವಿಗೆ ಬಿತ್ತು.

ನಿರಾಶ್ರಿತರಾಗಿ ಬಂದು ಕಾಯಂ ನಿವಾಸಿಗಳಾದವರ ಸ್ಥಿತಿ ಬೇರೆಯೇ. ಅವರಿಗೆ ಒಂದು ವರ್ಷ ಅವಧಿಯ ನಿರಾಶ್ರಿತರ ಪ್ರಯಾಣ ಪತ್ರವಿದೆ. ಯಾವ ದೇಶದಲ್ಲಿ ಜೀವಭಯವೆಂದು ಹೇಳಿ ಆಶ್ರಯ ಪಡೆದರೋ ಆ ದೇಶಕ್ಕೇ, ಅದರದೇ ಪಾಸ್‌ಪೋರ್ಟಿನಲ್ಲಿ ಹೋಗಿಬಂದರೆ, ಹಿಂದೆ ಹೇಳಿದ ಭಯ ನಿಜವೇ ಎಂಬ ಪ್ರಶ್ನೆ ಏಳುತ್ತದೆ.

ಭಾರತದ ಕಡೆಯ ದಾಖಲೆಗಳು

ಗ್ರೀನ್ ಕಾರ್ಡ್ ಪಡೆದವರು ಭಾರತದ ಪ್ರಜೆಗಳಾಗಿಯೇ ಉಳಿಯುತ್ತಾರೆ. ಭಾರತಕ್ಕೆ ಬರಲು ಅವರಿಗೆ ವೀಸಾ ಬೇಡ. 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಕೊಟ್ಟ, ಅವಧಿ ಮುಗಿಯದ ಪಾಸ್‌ಪೋರ್ಟ್ ಸಾಕು. ಅಮೆರಿಕದಲ್ಲಿರುವವರು ನವೀಕರಣದ ಅರ್ಜಿಯನ್ನು ವಿಎಫ್‌ಎಸ್ ಗ್ಲೋಬಲ್ ಮೂಲಕ ತಮ್ಮ ವ್ಯಾಪ್ತಿಯ ಭಾರತೀಯ ಕಾನ್ಸುಲೇಟಿಗೆ ಕಳಿಸುತ್ತಾರೆ. ಪಾಸ್‌ಪೋರ್ಟ್ ಕಳೆದು ತುರ್ತಾಗಿ ಊರಿಗೆ ಹೊರಡಬೇಕಾದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಆದರೆ ಅದು ಬರುವುದಕ್ಕೆ ಮಾತ್ರ; ವಾಪಸು ಹೋಗಲು ಇಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಲೇಬೇಕು. ಅಮೆರಿಕದ ಕಾನೂನು ಕಾರ್ಡ್ ಇರುವ ನಿವಾಸಿಯಿಂದ ಪಾಸ್‌ಪೋರ್ಟನ್ನು ಕಡ್ಡಾಯವಾಗಿ ಕೇಳುವುದಿಲ್ಲ. ಭಾರತ ಬಿಡುವಾಗ ಇಲ್ಲಿಯ ಇಮಿಗ್ರೇಷನ್ ಕೇಳುತ್ತದೆ, ಜೊತೆಗೆ ಗ್ರೀನ್ ಕಾರ್ಡನ್ನೂ ನೋಡುತ್ತದೆ.

ಹೆಸರಿನ ತಕರಾರು ದಕ್ಷಿಣ ಭಾರತದವರಿಗೆ ವಿಶೇಷವಾದದ್ದು. ಕರ್ನಾಟಕದಲ್ಲಿ ಊರು, ತಂದೆಯ ಹೆಸರುಗಳೇ ಇನಿಷಿಯಲ್ ಆಗಿರುತ್ತವೆ. ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ದಾಖಲೆ ಅದನ್ನು ಕುಲನಾಮದ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆಯುತ್ತದೆ: ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷೇಪ. ಟಿಕೆಟ್ಟು ಒಂದು ಹೆಸರಿನಲ್ಲಿ, ಕಾರ್ಡು ಇನ್ನೊಂದರಲ್ಲಿ, ಮದುವೆಯ ನಂತರ ಬದಲಾದ ಪಾಸ್‌ಪೋರ್ಟ್ ಮತ್ತೊಂದರಲ್ಲಿ ಇದ್ದರೆ ಮದುವೆ ಪ್ರಮಾಣಪತ್ರವನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಭಾರತೀಯ ಪ್ರಜೆಗಳು ಆಗಮನ ಚೀಟಿ ತುಂಬುವ ಪದ್ಧತಿ 2014ರಲ್ಲಿ, ನಿರ್ಗಮನ ಚೀಟಿ 2017ರಲ್ಲಿ ನಿಂತಿತು. ಮೊದಲೇ ನೋಂದಾಯಿಸಿಕೊಂಡವರನ್ನು ಸರತಿಯಿಲ್ಲದೆ ಬಿಡುವ ವ್ಯವಸ್ಥೆ 2024ರಲ್ಲಿ ದೆಹಲಿಯಲ್ಲಿ ಆರಂಭವಾಗಿ, 2025ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ ಬಂತು.

ಮಕ್ಕಳ ದಾಖಲೆಗಳು

ಒಂದೇ ಮನೆಯ ನಾಲ್ವರು ಎರಡು ದೇಶದ ಪಾಸ್‌ಪೋರ್ಟ್ ಹಿಡಿದು ಹೊರಡುವುದು ಈ ಸಂಸಾರಗಳ ವೈಶಿಷ್ಟ್ಯ. ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿಯ ಪ್ರಜೆ. ಅಜ್ಜಿಯ ಮನೆಗೆ ಬರಲು ಅದಕ್ಕೆ ಅಮೆರಿಕದ ಪಾಸ್‌ಪೋರ್ಟ್, ಮೇಲೆ ಭಾರತದ ವೀಸಾ ಅಥವಾ ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಬೇಕು. 2005ರ ತಿದ್ದುಪಡಿಯಿಂದ ವಿಸ್ತೃತವಾಗಿ ಜಾರಿಗೆ ಬಂದ ಓಸಿಐ, ಜೀವನಪರ್ಯಂತ ನಡೆಯುವ ವೀಸಾ ಇದ್ದಂತೆ. ಹಳೆಯ ಪಿಐಒ (ಭಾರತ ಮೂಲದ ವ್ಯಕ್ತಿ) ಕಾರ್ಡನ್ನು 2015ರ ಜನವರಿಯಲ್ಲಿ ಇದರೊಳಗೆ ಸೇರಿಸಲಾಯಿತು.

ಈ ಬಗೆಯ ಸಂಸಾರಗಳು ಎಷ್ಟು ಸುಲಭವಾಗಿ ಒಡೆದುಹೋಗಬಹುದೆಂಬುದು 2020ರಲ್ಲಿ ಕಂಡಿತು. ಮಾರ್ಚಿನಲ್ಲಿ ಭಾರತ ಓಸಿಐ ಸಮೇತ ಬಹುಪಾಲು ವೀಸಾಗಳನ್ನು ತಡೆಹಿಡಿದಿತ್ತು. ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಂದು ಶುರುವಾದಾಗ ಭಾರತೀಯ ಪಾಸ್‌ಪೋರ್ಟಿನ ತಂದೆತಾಯಿಗೆ ಸೀಟಿತ್ತು, ಅವರ ತೊಡೆಯ ಮೇಲಿನ ಕೂಸಿಗೆ ಇರಲಿಲ್ಲ. ಅದೇ ತಿಂಗಳ 22ರಂದು ಗೃಹ ಸಚಿವಾಲಯ ಅಂಥ ಮಕ್ಕಳಿಗೆ ವಿನಾಯಿತಿ ಕೊಟ್ಟಿತು.

ತಿರುವುಮುರುವಾದ ಪ್ರಸಂಗವೂ ಉಂಟು. ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿಯಂತೆ ಗ್ರೀನ್ ಕಾರ್ಡಿನ ತಾಯಿ ಊರಿಗೆ ಬಂದು ಹೆತ್ತರೆ, ಮಗು ಭಾರತದ ಪ್ರಜೆ. ಅದಕ್ಕೆ ಅಮೆರಿಕದ ವೀಸಾಕ್ಕಾಗಿ ಅಲೆಯಬೇಕಿಲ್ಲ: ಹುಟ್ಟಿ ಎರಡು ವರ್ಷದೊಳಗೆ, ಹೆರಿಗೆಯಾದ ಮೇಲೆ ತಾಯಿ ಮೊದಲ ಸಲ ಮರಳುವಾಗಲೇ ಜೊತೆಗೆ ಕರೆದೊಯ್ದರೆ ಮಗುವನ್ನು ಕಾಯಂ ನಿವಾಸಿಯಾಗಿ ಒಳಗೆ ಬಿಡುತ್ತಾರೆ. ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ತಾಯಿಯ ಗ್ರೀನ್ ಕಾರ್ಡ್ ಇಷ್ಟು ಬೇಕು. ಮಗುವನ್ನು ಅಜ್ಜಿಯ ಬಳಿ ಬಿಟ್ಟು ತಾಯಿ ಒಮ್ಮೆ ಒಬ್ಬಳೇ ಹೋಗಿಬಂದರೆ ಈ ಅವಕಾಶ ಕೈತಪ್ಪುತ್ತದೆ. ಈ ನಿಯಮ ವಿಮಾನ ಕಂಪನಿಗಳ ಕೌಂಟರಿನ ಎಲ್ಲ ಸಿಬ್ಬಂದಿಗೂ ಗೊತ್ತಿರುವುದಿಲ್ಲವಾದ್ದರಿಂದ ಅದರ ಮುದ್ರಿತ ಪ್ರತಿಯನ್ನು ಒಯ್ಯುವುದು ಲೇಸು.

ಚಿಕ್ಕಂದಿನಲ್ಲಿ ಕಾರ್ಡ್ ಪಡೆದ ಮಕ್ಕಳು 14 ತುಂಬಿದಾಗ ಬೆರಳಚ್ಚು ಕೊಟ್ಟು ಹೊಸ ಕಾರ್ಡ್ ಪಡೆಯಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಗುವಿನೊಂದಿಗೆ ಹೊರಟಾಗ ಮತ್ತೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳುವುದು ವಾಡಿಕೆ.

ನಡುದಾರಿ

ಬೆಂಗಳೂರಿನಿಂದ ಅಮೆರಿಕಕ್ಕೆ ಹೆಚ್ಚಿನವರು ಯೂರೋಪು ಇಲ್ಲವೆ ಕೊಲ್ಲಿಯ ಮೂಲಕ ಹೋಗುತ್ತಾರೆ. ಬ್ರಿಟನ್ನಿನಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ನಿಯಮವಿದ್ದರೂ 1998ರ ಏಪ್ರಿಲ್ 21ರ ನಂತರ ಕೊಟ್ಟ ಗ್ರೀನ್ ಕಾರ್ಡ್ ಇರುವವರಿಗೆ ವಿನಾಯಿತಿ. ಷೆಂಗೆನ್ ದೇಶಗಳ ವಿಮಾನ ನಿಲ್ದಾಣಗಳಲ್ಲೂ ಅಂಥದೇ ರಿಯಾಯಿತಿ ಇದೆ. ದುಬೈಯಲ್ಲಿ ಎರಡು ದಿನ ತಂಗಿ ಹೋಗಬಯಸುವವರಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಗ್ರೀನ್ ಕಾರ್ಡ್ ಇದ್ದರೆ ಇಳಿದಲ್ಲೇ ವೀಸಾ ಸಿಗುತ್ತದೆ. ಇದು 2017ರಿಂದ ಇರುವ ಸೌಕರ್ಯ. ಅಬುಧಾಬಿಯಲ್ಲಿ ಅಮೆರಿಕದ ಅಧಿಕಾರಿಗಳೇ ಕೂತು ತಪಾಸಣೆ ಮುಗಿಸುವುದರಿಂದ, ಆ ದಾರಿಯವರ ಪಾಲಿಗೆ ಅಮೆರಿಕದ ಗಡಿ ಅರಬಸ್ಥಾನದಲ್ಲೇ ಎದುರಾಗುತ್ತದೆ.

ನಿಜಕ್ಕೂ ಮೊದಲ ಗಡಿ ಚೆಕ್-ಇನ್ ಕೌಂಟರು. ಸರಿಯಾದ ಕಾಗದವಿಲ್ಲದವರನ್ನು ಹತ್ತಿಸಿದರೆ ವಿಮಾನ ಕಂಪನಿಗೆ ದಂಡ ಬೀಳುವುದರಿಂದ, ಅಲ್ಲಿಯ ಸಿಬ್ಬಂದಿ ಅನುಮಾನ ಬಂದರೆ ಬೇಡವೆಂದೇ ಹೇಳುತ್ತಾರೆ. ಊರಿನಲ್ಲಿ ಕಾರ್ಡ್ ಕಳೆದುಕೊಂಡವರು ಅದಕ್ಕಾಗಿಯೇ, ಪೊಲೀಸ್ ದೂರು ಕೊಟ್ಟು, ಐ-131ಎ ಅರ್ಜಿ ಹಾಕಿ ಅಮೆರಿಕದ ಕಾನ್ಸುಲೇಟಿನಿಂದ ಪಾಸ್‌ಪೋರ್ಟಿಗೆ ಬೋರ್ಡಿಂಗ್ ಫಾಯಿಲ್ ಅಂಟಿಸಿಕೊಳ್ಳಬೇಕು. ಹೊರಗೆ ಬಂದು ವರ್ಷ ಆಗದವರಿಗೆ ಮಾತ್ರ ಈ ಅನುಕೂಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆರಂಭದಲ್ಲಿ ವೀಸಾ ಸೇವೆ ಇರಲಿಲ್ಲ.

ರಾಜಕೀಯದ ಗಾಳಿ ಬದಲಾದಾಗ ಕೈಯಲ್ಲಿರುವ ಕಾರ್ಡೂ ಅಲುಗಾಡಿದ್ದುಂಟು. 2017ರ ಜನವರಿ 27ರ ಅಧ್ಯಕ್ಷೀಯ ಆದೇಶ ಏಳು ದೇಶಗಳ ಪ್ರಜೆಗಳನ್ನು ತಡೆದಾಗ, ಊರಿಗೆ ಹೋಗಿ ಮರಳುತ್ತಿದ್ದ ಕಾಯಂ ನಿವಾಸಿಗಳೂ ಮೊದಲ ಎರಡು ದಿನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಆಮೇಲೆ ಅವರನ್ನು ಆದೇಶದಿಂದ ಹೊರಗಿಡಲಾಯಿತು.

ಇತರ ದೇಶಗಳಲ್ಲಿ

ಕೆನಡಾದ ಲೆಕ್ಕ ನೇರವಾದದ್ದು: ಐದು ವರ್ಷದಲ್ಲಿ 730 ದಿನ ದೇಶದಲ್ಲಿರಬೇಕು. ಅಲ್ಲಿಯ ಪಿಆರ್ ಕಾರ್ಡ್ 2002ರಲ್ಲಿ ಬಂತು. ಅದಿಲ್ಲದೆ ಹೊರಗೆ ಸಿಕ್ಕಿಕೊಂಡವರಿಗೆ ಪ್ರತ್ಯೇಕ ಪ್ರಯಾಣ ಪತ್ರವಿದೆ. ಮನೆ ಎಲ್ಲಿ, ಮನಸ್ಸೆಲ್ಲಿ ಎಂದು ಕೆದಕುವ ಅಮೆರಿಕದ ಪದ್ಧತಿಗಿಂತ ಇದು ವಲಸಿಗರಿಗೆ ಹೆಚ್ಚು ನೆಮ್ಮದಿಯದು. ಆಸ್ಟ್ರೇಲಿಯಾದಲ್ಲಿ ಕಾಯಂ ವೀಸಾದ ಪ್ರಯಾಣಾವಕಾಶ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಹೊರಹೋಗಿ ಮರಳಲು ರೆಸಿಡೆಂಟ್ ರಿಟರ್ನ್ ವೀಸಾ ಬೇಕು. ಬ್ರಿಟನ್ನಿನಲ್ಲಿ ಸತತ ಎರಡು ವರ್ಷ ಹೊರಗಿದ್ದರೆ ಕಾಯಂ ನಿವಾಸದ ಹಕ್ಕು ತಾನಾಗಿ ಬಿದ್ದುಹೋಗುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಜಪಾನಿನಲ್ಲಿ ಒಂದು ವರ್ಷದೊಳಗೆ ಮರಳುವವರಿಗೆ 2012ರಿಂದ ಪ್ರತ್ಯೇಕ ಅನುಮತಿ ಬೇಡವಾಗಿದೆ.

ಪೌರತ್ವ ಪಡೆದ ಮೇಲೆ

ಅಮೆರಿಕದ ಪೌರತ್ವ ಸ್ವೀಕರಿಸಿದ ದಿನ ದಾಖಲೆಗಳ ಸಂಬಂಧ ಅದಲುಬದಲಾಗುತ್ತದೆ. ಮರಳುವ ಚಿಂತೆ ಇಲ್ಲವಾಗಿ, ಊರಿಗೆ ಹೋಗಲು ಅನುಮತಿ ಬೇಕಾಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ಅಂದೇ ಕೊನೆಗೊಳ್ಳುತ್ತದೆ. ಹಳೆಯ ಪಾಸ್‌ಪೋರ್ಟಿನಲ್ಲಿ ಅವಧಿ ಉಳಿದಿದ್ದರೂ ಅದರ ಮೇಲೆ ಪ್ರಯಾಣ ಮಾಡುವುದು ಅಪರಾಧ. ಅದನ್ನು ಕಾನ್ಸುಲೇಟಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು; ಆ ಪತ್ರವಿಲ್ಲದೆ ಓಸಿಐ ಅರ್ಜಿ ಮುಂದೆ ಸಾಗುವುದಿಲ್ಲ.